ಚಕ್ರದ ನಟ್ಟಿಗೆ ತುಕ್ಕು ಹಿಡಿಯದಿರಲು ಏನು ಮಾಡಬೇಕು?

ಕಾರು ತಂದವರು ಸೀಟಿಗೆ ಕವರ್ ಹಾಕಿಸುತ್ತಾರೆ, ಬಣ್ಣಕ್ಕೆ ಪಾಲಿಶ್ ಕೊಡಿಸುತ್ತಾರೆ. ಚಕ್ರದ ನಟ್ಟಿನ ಕಡೆ ಕಣ್ಣು ಹಾಯುವುದು ಪಂಚರ್ ಆದ ದಿನ ಮಾತ್ರ. ಅವತ್ತು ಸ್ಪ್ಯಾನರ್ ಹಾಕಿ ಎಷ್ಟು ಒತ್ತಿದರೂ ನಟ್ಟು ಅಲುಗುವುದಿಲ್ಲ. ಇನ್ನೂ ಒತ್ತಿದರೆ ಮೂಲೆ ಸವೆದು ಸ್ಪ್ಯಾನರ್ ಜಾರುತ್ತದೆ. ಮಾದಿಹಳ್ಳಿ ಹೋಬಳಿಯ ಕಡೆ, ಬೇಲೂರು-ಹಳೇಬೀಡಿನ ಸುತ್ತಮುತ್ತ, ಇದು ಅಪರೂಪವೇನಲ್ಲ. ಇಲ್ಲಿನ ಹವೆ, ಇಲ್ಲಿನ ಬೇಸಾಯ, ಇಲ್ಲಿನವರು ಕಾರು ಬಳಸುವ ರೀತಿ, ಮೂರೂ ತುಕ್ಕಿಗೆ ಒದಗಿಬರುತ್ತವೆ. ಆದರೆ ಅದನ್ನು ತಡೆಯುವ ಕೆಲಸ ಕಷ್ಟದ್ದಲ್ಲ, ದುಬಾರಿಯದೂ ಅಲ್ಲ. ಯಾವುದಕ್ಕೆ ಏನು ಹಚ್ಚಬೇಕು ಎಂಬುದು ತಿಳಿದಿರಬೇಕು. ಯಾವುದಕ್ಕೆ ಏನೂ ಹಚ್ಚಬಾರದು ಎಂಬುದು ಅದಕ್ಕಿಂತ ಚೆನ್ನಾಗಿ ತಿಳಿದಿರಬೇಕು.

ಮೊದಲು ಹೆಸರುಗಳನ್ನು ಪರಿಚಯ ಮಾಡಿಕೊಳ್ಳೋಣ. ಟೈರು ಕೂರುವ ಉಕ್ಕಿನ ಚಕ್ರವೇ ರಿಮ್. ರಿಮ್ ಹೋಗಿ ಕೂರುವ ದುಂಡನೆಯ ಉಕ್ಕಿನ ಭಾಗ ಹಬ್. ಹಬ್‌ನಿಂದ ಹೊರಗೆ ಚಾಚಿಕೊಂಡಿರುವ, ಥ್ರೆಡ್ ಕೊರೆದ ಗಟ್ಟಿ ಕಡ್ಡಿಗಳು ಸ್ಟಡ್. ಸ್ಟಡ್ ಮೇಲೆ ಬಿಗಿಯುವುದು ನಟ್ಟು. ಸಣ್ಣ ಕಾರುಗಳಲ್ಲಿ ಸಾಮಾನ್ಯವಾಗಿ ಚಕ್ರಕ್ಕೆ ನಾಲ್ಕು ನಟ್ಟು, ದೊಡ್ಡವುಗಳಲ್ಲಿ ಐದು ಅಥವಾ ಆರು. ಕೆಲವು ಕಾರುಗಳಲ್ಲಿ ಸ್ಟಡ್ ಇರುವುದಿಲ್ಲ, ನೇರವಾಗಿ ಹಬ್‌ಗೆ ಹೋಗಿ ಕೂರುವ ಬೋಲ್ಟ್ ಇರುತ್ತದೆ. ನಟ್ಟಿನ ಒಳಮುಖ ಗಮನಿಸಿ: ಬಹುತೇಕ ಕಾರುಗಳಲ್ಲಿ ಅದು ಇಳಿಜಾರಾಗಿ, ಗೋಪುರದಂತೆ ಕಿರಿದಾಗುತ್ತಾ ಹೋಗುತ್ತದೆ. ಆ ಇಳಿಜಾರು ರಿಮ್ಮಿನ ತೂತಿನೊಳಗೆ ಸರಿಯಾಗಿ ಕೂತಾಗಲೇ ಚಕ್ರ ನಡುವಿಗೆ ಬರುತ್ತದೆ. ಈ ಜಾಗಕ್ಕೆ ಸೀಟ್ ಎನ್ನುತ್ತಾರೆ. ಮುಂದೆ ಇದರ ಮಾತು ಮತ್ತೆ ಬರುತ್ತದೆ.

ತುಕ್ಕು ಹಿಡಿಯಲು ಕಬ್ಬಿಣದ ಜೊತೆ ನೀರು ಮತ್ತು ಗಾಳಿಯಲ್ಲಿರುವ ಆಮ್ಲಜನಕ ಸೇರಬೇಕು. ನೀರು ಹರಿಯುವಷ್ಟೇನೂ ಬೇಕಿಲ್ಲ. ಗಾಳಿಯ ತೇವಾಂಶ ಶೇಕಡಾ 60 ದಾಟಿದರೆ ಉಕ್ಕಿನ ಮೇಲೆ ಕಣ್ಣಿಗೆ ಕಾಣದ ತೆಳು ನೀರಿನ ಪದರ ಕೂರುತ್ತದೆ. ಅಷ್ಟು ಸಾಕು. ಆ ನೀರಿಗೆ ಉಪ್ಪು ಬೆರೆತರೆ ಕೆಲಸ ಹಲವು ಪಟ್ಟು ಚುರುಕಾಗುತ್ತದೆ. ತುಕ್ಕಿನ ಇನ್ನೊಂದು ಗುಣವೂ ಇದೆ. ಕರಗಿದ ಕಬ್ಬಿಣಕ್ಕಿಂತ ಅದರಿಂದ ಹುಟ್ಟಿದ ತುಕ್ಕು ಎರಡು ಪಟ್ಟಿಗೂ ಹೆಚ್ಚು ಜಾಗ ಬೇಡುತ್ತದೆ. ನಟ್ಟು ಮತ್ತು ಸ್ಟಡ್ ನಡುವಿನ ಕೂದಲೆಳೆಯಷ್ಟು ಸಂದಿಯಲ್ಲಿ ಅದು ಉಬ್ಬಿದಾಗ ನಟ್ಟು ಕಚ್ಚಿಕೊಳ್ಳದೆ ಬೇರೆ ದಾರಿಯಿಲ್ಲ.

ಹಾಗಿದ್ದರೆ ಕಂಪನಿಯವರು ಏನೂ ಮಾಡಿರುವುದಿಲ್ಲವೇ? ಮಾಡಿರುತ್ತಾರೆ. ನಟ್ಟು, ಸ್ಟಡ್ಡುಗಳ ಮೇಲೆ ಸತುವಿನ ತೆಳು ಲೇಪ ಇರುತ್ತದೆ. ಅದರ ದಪ್ಪ ಒಂದು ಮಿಲಿಮೀಟರಿನ ನೂರನೇ ಒಂದು ಭಾಗದ ಆಸುಪಾಸು. ಸತು ಕಬ್ಬಿಣಕ್ಕಿಂತ ಬೇಗ ಕರಗುವ ಲೋಹ. ತಾನು ಕರಗಿ ಕಬ್ಬಿಣವನ್ನು ಉಳಿಸುತ್ತದೆ, ಪೂರ್ತಿ ಕರಗಿದ ಮೇಲೆ ಕಬ್ಬಿಣದ ಸರದಿ. ಹೊಳೆಯುವ ಕ್ರೋಮ್ ನಟ್ಟು ಇದಕ್ಕೆ ತದ್ವಿರುದ್ಧ. ಕ್ರೋಮ್ ತಾನು ಹಾಳಾಗುವುದಿಲ್ಲ, ಆದರೆ ಒಂದು ಗೀರು ಬಿದ್ದರೆ ಅದರಡಿಯ ಉಕ್ಕು ಮೌನವಾಗಿ ತಿನ್ನಿಸಿಕೊಳ್ಳುತ್ತದೆ. ಚಕ್ಕೆ ಎದ್ದ ಮೇಲೆಯೇ ನಮಗೆ ತಿಳಿಯುವುದು. ಈ ಸೀಮೆಗೆ ಕ್ರೋಮ್ ನಟ್ಟು ನಾನು ಶಿಫಾರಸು ಮಾಡುವುದಿಲ್ಲ. ಇನ್ನು ಉಕ್ಕಿನ ರಿಮ್ಮನ್ನು ಬಣ್ಣದ ತೊಟ್ಟಿಯಲ್ಲಿ ಮುಳುಗಿಸಿ, ವಿದ್ಯುತ್ ಹಾಯಿಸಿ ಮೂಲೆಮೂಲೆಗೂ ಪ್ರೈಮರ್ ಕೂರಿಸಿರುತ್ತಾರೆ. ಅದು ಒಳ್ಳೆಯ ರಕ್ಷಣೆ. ಜಲ್ಲಿಕಲ್ಲು ಸಿಡಿದು ಎದ್ದ ಕಡೆಯಿಂದಲೇ ತುಕ್ಕು ಶುರುವಾಗುವುದು.

ಮೈಲುತುತ್ತ ಮತ್ತು ಪೊಟ್ಯಾಷ್

ನಮ್ಮ ಕಡೆಯ ವಿಶೇಷ ಇರುವುದು ಇಲ್ಲಿ. ಆರಿದ್ರದಿಂದ ಹಿಡಿದು ಪುಷ್ಯ, ಆಶ್ಲೇಷದವರೆಗೆ ಸೋನೆ ಹಿಡಿದರೆ ವಾರಗಟ್ಟಲೆ ಯಾವುದೂ ಒಣಗುವುದಿಲ್ಲ. ಹೊಲದ ದಾರಿಯ ಕೆಸರು ರಿಮ್ಮಿನ ಹಿಂಬದಿಗೆ ಮೆತ್ತಿಕೊಂಡು ಒದ್ದೆಯಾಗಿಯೇ ಕೂತಿರುತ್ತದೆ. ಮೇಲೆ ಬಿದ್ದ ಮಳೆ ತೊಳೆದುಕೊಂಡು ಹೋಗುತ್ತದೆ, ಹಿಂಬದಿಯ ಕೆಸರು ಹೋಗುವುದಿಲ್ಲ. ಇಷ್ಟೇ ಆಗಿದ್ದರೆ ಮಲೆನಾಡಿನ ಯಾವ ಊರಿಗೂ ನಮಗೂ ವ್ಯತ್ಯಾಸವಿರುತ್ತಿರಲಿಲ್ಲ. ಆದರೆ ಇಲ್ಲಿ ಕಾರು ಗೊಬ್ಬರದ ಮೂಟೆಯನ್ನೂ ಹೊರುತ್ತದೆ, ಔಷಧಿ ಡ್ರಮ್ಮನ್ನೂ ಹೊರುತ್ತದೆ.

ಶುಂಠಿ, ಅಡಿಕೆ, ಕಾಫಿ ಬೆಳೆಯುವವರಿಗೆ ಬೋರ್ಡೋ ದ್ರಾವಣ ಹೊಸತಲ್ಲ. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ದ್ರಾವಣ ಹದಕ್ಕೆ ಬಂದಿದೆಯೇ ಎಂದು ನೋಡಲು ಕುಡುಗೋಲಿನ ತುದಿಯನ್ನೋ ಚಾಕುವನ್ನೋ ಅದ್ದಿ ತೆಗೆಯುತ್ತೀರಿ. ಅಲಗಿನ ಮೇಲೆ ಕೆಂಪು ಕೂತರೆ ಇನ್ನಷ್ಟು ಸುಣ್ಣ ಬೇಕು ಎಂದು ಅರ್ಥ. ಆ ಕೆಂಪು ಏನು? ಮೈಲುತುತ್ತದಲ್ಲಿರುವ ತಾಮ್ರ ಹೊರಬಂದು ಕಬ್ಬಿಣದ ಮೇಲೆ ಕೂತಿದೆ. ಅಷ್ಟೇ ಕಬ್ಬಿಣ ಅಲಗಿನಿಂದ ಕರಗಿ ನೀರಿಗೆ ಹೋಗಿದೆ. ಮೈಲುತುತ್ತದ ನೀರು ಚಕ್ರಕ್ಕೆ ಸಿಡಿದಾಗ ನಡೆಯುವುದೂ ಇದೇ. ಮೊದಲು ನಟ್ಟಿನ ಮೇಲಿನ ಸತು ಕರಗುತ್ತದೆ, ಆಮೇಲೆ ಉಕ್ಕು. ಅಂಟಿಕೊಂಡ ತಾಮ್ರದ ಕಣಗಳು ಅಲ್ಲೇ ಉಳಿದು, ಮುಂದೆ ತೇವ ಬಿದ್ದಾಗಲೆಲ್ಲ ಸುತ್ತಲಿನ ಉಕ್ಕನ್ನು ತಿನ್ನಿಸುತ್ತವೆ. ಸುಣ್ಣ ಸರಿಯಾಗಿ ಬೆರೆಸಿದ ದ್ರಾವಣದಿಂದ ಅಪಾಯ ಕಡಿಮೆ. ಬರಿ ಮೈಲುತುತ್ತ ಕರಗಿಸಿದ ನೀರು, ಚೀಲದಿಂದ ಉದುರಿದ ಹರಳು, ಇವೇ ಕೇಡು ಮಾಡುವುದು.

ಇನ್ನೊಂದು ಪೊಟ್ಯಾಷ್. ಅಂಗಡಿಯಲ್ಲಿ ಸಿಗುವ ಕೆಂಪು ಪೊಟ್ಯಾಷ್ ಎಂದರೆ ಪೊಟ್ಯಾಸಿಯಮ್ ಕ್ಲೋರೈಡ್. ತೂಕದಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಕ್ಲೋರೈಡ್ ಇರುತ್ತದೆ. ಅಡುಗೆ ಉಪ್ಪಿನಲ್ಲಿ ಉಕ್ಕನ್ನು ಹಾಳು ಮಾಡುವುದೂ ಇದೇ ಕ್ಲೋರೈಡ್. ಡಿಕ್ಕಿಯಲ್ಲಿ ಮೂಟೆ ಒಡೆದು ಒಂದು ಹಿಡಿ ಉದುರಿದರೆ, ಅದು ನೇರವಾಗಿ ಸ್ಟೆಪ್ನಿ ಇಟ್ಟಿರುವ ಗುಂಡಿಗೆ ಇಳಿಯುತ್ತದೆ. ಅಲ್ಲಿ ತೇವ ಎಳೆದುಕೊಂಡು ಉಪ್ಪುನೀರಾಗಿ ನಿಲ್ಲುತ್ತದೆ. ಸ್ಟೆಪ್ನಿಯ ರಿಮ್, ಜಾಕ್, ಸ್ಪ್ಯಾನರ್ ಮೂರೂ ಆ ನೀರಿನಲ್ಲೇ ಇರುತ್ತವೆ. ಕೊಟ್ಟಿಗೆಯ ಪಕ್ಕ ಕಾರು ನಿಲ್ಲಿಸುವವರಿಗೂ ಇದೇ ಮಾತು. ಗಂಜಲದಲ್ಲಿಯೂ ಉಪ್ಪಿನಂಶ ಇದೆ, ಜೊತೆಗೆ ಅಮೋನಿಯಾ ಇದೆ. ಚಾರ್ಮಾಡಿ ಇಳಿದು ಧರ್ಮಸ್ಥಳಕ್ಕೆ ಹೋಗಿ, ಹಾಗೇ ಮಲ್ಪೆಗೋ ಪಣಂಬೂರಿಗೋ ಹೋಗಿ ಸಮುದ್ರದ ಮರಳಲ್ಲಿ ಕಾರು ನಿಲ್ಲಿಸಿ ಬಂದವರು ಮನೆ ಸೇರಿದ ಮಾರನೇ ದಿನವೇ ಚಕ್ರ ತೊಳೆಯಬೇಕು.

ತೊಳೆಯುವುದೇ ಅರ್ಧ ಚಿಕಿತ್ಸೆ

ಈ ಎಲ್ಲದಕ್ಕೂ ಮೊದಲ ಔಷಧಿ ನೀರು. ನೀರಿನಿಂದ ತುಕ್ಕು ಬರುವಾಗ ನೀರು ಹೊಡೆಯುವುದೇಕೆ ಎಂಬ ಅನುಮಾನ ಬರಬಹುದು. ನಾವು ತೆಗೆಯಬೇಕಾದದ್ದು ಉಪ್ಪು ಮತ್ತು ಕೆಸರು. ಅವು ಇರುವವರೆಗೆ ಚಕ್ರ ಒಣಗುವುದೇ ಇಲ್ಲ. ಪೈಪಿನ ನೀರನ್ನು ಚಕ್ರದ ಮುಂಭಾಗಕ್ಕಿಂತ ಹಿಂಭಾಗಕ್ಕೆ ಹೆಚ್ಚು ಬಿಡಿ. ವಾಟರ್ ಸರ್ವಿಸ್‌ಗೆ ಕೊಟ್ಟರೆ ರಿಮ್ಮಿನ ಒಳಬದಿಗೆ ಹೊಡೆಯಲು ಬಾಯಿಬಿಟ್ಟು ಹೇಳಿ. ಹೇಳದಿದ್ದರೆ ಹೊರಗೆ ಮಾತ್ರ ಹೊಳೆಯುವಂತೆ ಮಾಡಿ ಕಳಿಸುತ್ತಾರೆ. ಪ್ಲಾಸ್ಟಿಕ್ ವೀಲ್ ಕ್ಯಾಪ್ ಇದ್ದರೆ ಬಿಚ್ಚಿ ತೊಳೆಯಿರಿ, ಅದರ ಹಿಂದೆ ಕೆಸರು ಕೂತು ತೇವ ಹಿಡಿದಿಟ್ಟುಕೊಂಡಿರುತ್ತದೆ. ತೊಳೆದ ಮೇಲೆ ಕಾರನ್ನು ಹಾಗೇ ಷೆಡ್ಡಿಗೆ ಹಾಕಬೇಡಿ. ಊರೊಳಗೆ ಒಂದು ಸುತ್ತು ಓಡಿಸಿ, ನಾಲ್ಕಾರು ಸಲ ಬ್ರೇಕ್ ಒತ್ತಿ. ಬ್ರೇಕಿನ ಬಿಸಿಗೆ ಹಬ್ ಒಣಗುತ್ತದೆ.

ಮಳೆಯಲ್ಲಿ ನಿಂತ ಕಾರಿನ ಬ್ರೇಕ್ ಡಿಸ್ಕ್ ಬೆಳಿಗ್ಗೆ ಕೆಂಪಗೆ ಕಂಡರೆ ಗಾಬರಿ ಬೇಡ. ಅದು ಮೇಲ್ಮೈಯ ತುಕ್ಕು, ಮೊದಲ ಕೆಲವು ಬ್ರೇಕಿಗೇ ಉಜ್ಜಿಕೊಂಡು ಹೋಗುತ್ತದೆ. ಅದಕ್ಕೆ ಎಣ್ಣೆ ಹಚ್ಚುವ ಯೋಚನೆಯನ್ನು ಮಾತ್ರ ಯಾವತ್ತೂ ಮಾಡಬೇಡಿ. ಬ್ರೇಕೇ ಹಿಡಿಯುವುದಿಲ್ಲ. ಹಳೇ ಎಂಜಿನ್ ಆಯಿಲ್ಲನ್ನು ಡೀಸೆಲ್ಲಿಗೆ ಬೆರೆಸಿ ಕಾರಿನ ಅಡಿಗೆಲ್ಲ ಹೊಡೆಸುವ ರೂಢಿಯನ್ನೂ ನಾನು ಒಪ್ಪುವುದಿಲ್ಲ. ರಬ್ಬರ್ ಭಾಗಗಳು ಉಬ್ಬಿ ಹಾಳಾಗುತ್ತವೆ, ಧೂಳು ಮೆತ್ತುತ್ತದೆ, ಬ್ರೇಕಿನ ಮೇಲೆ ಬೀಳುವ ಅಪಾಯವಂತೂ ಇದ್ದೇ ಇದೆ.

ನಟ್ಟಿಗೆ ಎಣ್ಣೆ ಹಾಕಬಹುದೇ?

ಎಲ್ಲರೂ ಕೇಳುವ ಪ್ರಶ್ನೆ ಇದು. ತುಕ್ಕು ಬರಬಾರದೆಂದರೆ ಥ್ರೆಡ್ಡಿಗೆ ಸ್ವಲ್ಪ ಗ್ರೀಸ್ ಸವರಿ ಬಿಗಿದರಾಯಿತಲ್ಲ ಎನ್ನುತ್ತಾರೆ. ಬೇಡ. ಕಾರಣವನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ನಟ್ಟು ಬಿಗಿಯುವಾಗ ಸ್ಟಡ್ ಕಣ್ಣಿಗೆ ಕಾಣದಷ್ಟು ಹಿಗ್ಗುತ್ತದೆ. ಹಿಗ್ಗಿದ ಸ್ಟಡ್ ಹಿಂದಕ್ಕೆ ಎಳೆಯುವ ಬಲವೇ ರಿಮ್ಮನ್ನು ಹಬ್‌ಗೆ ಒತ್ತಿ ಹಿಡಿಯುವುದು. 12 ಮಿಲಿಮೀಟರ್ ಸ್ಟಡ್ಡಿನ ನಟ್ಟನ್ನು 100 ನ್ಯೂಟನ್ ಮೀಟರ್ ಬಿಗಿದರೆ, ಒಂದೊಂದು ನಟ್ಟೂ ಹೆಚ್ಚುಕಡಿಮೆ 4 ಟನ್ ಬಲದಿಂದ ಒತ್ತಿ ಹಿಡಿದಿರುತ್ತದೆ. ಟಾರ್ಕ್, ಅಂದರೆ ತಿರುಗಿಸುವ ಬಲ, ಇದನ್ನು ಅಳೆಯುವ ಲೆಕ್ಕ ನ್ಯೂಟನ್ ಮೀಟರ್. 100 ನ್ಯೂಟನ್ ಮೀಟರ್ ಎಂದರೆ ಒಂದು ಮೀಟರ್ ಉದ್ದದ ಕೋಲಿನ ತುದಿಗೆ 10 ಕಿಲೋ ತೂಗುಹಾಕಿದಷ್ಟು. ಕಂಪನಿ ಈ ಅಂಕಿಯನ್ನು ಕೊಟ್ಟಿರುವುದು ಒಣ, ಶುದ್ಧ ಥ್ರೆಡ್ಡಿಗೆ. ಗ್ರೀಸ್ ಹಚ್ಚಿದರೆ ಉಜ್ಜಾಟ ಕಡಿಮೆಯಾಗುತ್ತದೆ. ಅಷ್ಟೇ ತಿರುಗಿಸಿದರೂ ಸ್ಟಡ್ ಮೂರನೇ ಒಂದು ಭಾಗದಷ್ಟು ಹೆಚ್ಚು ಎಳೆತಕ್ಕೆ ಸಿಗಬಹುದು. ಹೀಗೇ ಪ್ರತಿ ಸಲ ಆದರೆ ಸ್ಟಡ್ ಸೋತು ಒಂದು ದಿನ ತುಂಡಾಗುತ್ತದೆ. ಆದ್ದರಿಂದ ಥ್ರೆಡ್ಡಿಗೂ ನಟ್ಟಿನ ಇಳಿಜಾರು ಸೀಟಿಗೂ ಎಣ್ಣೆ, ಗ್ರೀಸ್, ಬಣ್ಣ ಏನೂ ಬೇಡ. ನಿಮ್ಮ ಕಾರಿನ ಕೈಪಿಡಿಯಲ್ಲಿ ಬೇರೆ ರೀತಿ ಬರೆದಿದ್ದರೆ ಅದರಂತೆ ಮಾಡಿ.

ಹಾಗಾದರೆ ರಕ್ಷಣೆ ಹೇಗೆ? ಬಿಗಿದಾದ ಮೇಲೆ ಹೊರಗಿನಿಂದ. ನಟ್ಟು ಪೂರ್ತಿ ಬಿಗಿದ ಬಳಿಕ ಹೊರಗೆ ಇಣುಕುವ ಸ್ಟಡ್ಡಿನ ತುದಿಗೂ ನಟ್ಟಿನ ಹೊರಮೈಗೂ ತೆಳ್ಳಗೆ ಮೇಣದ ಸ್ಪ್ರೇ ಅಥವಾ ಕಾರಿನ ವ್ಯಾಕ್ಸ್ ಸವರಬಹುದು. ತುದಿ ಮುಚ್ಚಿದ ನಟ್ಟು ಹಾಕಿಸಿದರೆ ನೀರು ಥ್ರೆಡ್ಡಿಗೆ ಇಳಿಯುವುದೇ ಇಲ್ಲ. ಅದರ ಥ್ರೆಡ್ ಅಳತೆಯೂ ಸೀಟಿನ ಆಕಾರವೂ ನಿಮ್ಮ ರಿಮ್ಮಿಗೆ ಹೊಂದಬೇಕು. ಹಳೆಯ ನಟ್ಟೊಂದನ್ನು ಅಂಗಡಿಗೆ ಕೊಂಡೊಯ್ದು ಪಕ್ಕದಲ್ಲಿಟ್ಟು ನೋಡಿ ತರುವುದು ಒಳ್ಳೆಯದು.

ಚಕ್ರ ಕೂರುವಲ್ಲಿ ಗ್ರೀಸ್ ಬೇಕಾದ ಒಂದೇ ಜಾಗ ಹಬ್‌ನ ನಡುವಿನ ಉಬ್ಬು. ರಿಮ್ಮಿನ ದೊಡ್ಡ ತೂತು ಅದರ ಮೇಲೆ ಕೂರುತ್ತದೆ. ಅಲ್ಲಿ ತುಕ್ಕು ಉಬ್ಬಿದರೆ ಎಲ್ಲ ನಟ್ಟು ಬಿಚ್ಚಿದರೂ ಚಕ್ರ ಹೊರಗೆ ಬರುವುದಿಲ್ಲ. ಅಲಾಯ್ ವೀಲ್ ಇದ್ದರಂತೂ ಅಲ್ಯೂಮಿನಿಯಮ್ ಮತ್ತು ಉಕ್ಕು ಒದ್ದೆಯಲ್ಲಿ ಕೂಡಿ ಇನ್ನೂ ಬೇಗ ಕಚ್ಚಿಕೊಳ್ಳುತ್ತವೆ. ಆ ಉಬ್ಬನ್ನು ತಂತಿ ಬ್ರಷ್ಷಿನಿಂದ ಉಜ್ಜಿ, ಬೆರಳ ತುದಿಯಷ್ಟು ಆಂಟಿ-ಸೀಝ್ ಗ್ರೀಸ್ ಸವರಿ. ಆಂಟಿ-ಸೀಝ್ ಎಂದರೆ ಲೋಹಗಳು ಕಚ್ಚಿಕೊಳ್ಳದಂತೆ ತಡೆಯುವ, ಬಿಸಿ ತಾಳುವ ಗ್ರೀಸ್. ಹೆಚ್ಚು ಹಾಕಿದರೆ ಬ್ರೇಕಿನ ಮೇಲೆ ಹರಿಯುತ್ತದೆ.

ತುಕ್ಕು ಹಿಡಿದಾಗಿದ್ದರೆ

ನಟ್ಟು ಕಚ್ಚಿಕೊಂಡಿದ್ದರೆ ಡಬ್ಲ್ಯುಡಿ-40ರಂಥ ಒಳಗಿಳಿಯುವ ಎಣ್ಣೆಯನ್ನು ಹಿಂದಿನ ರಾತ್ರಿಯೇ ಹೊಡೆದಿಡಿ. ಬೆಳಿಗ್ಗೆ ಚಕ್ರ ನೆಲದ ಮೇಲಿರುವಾಗಲೇ ಸಡಿಲಿಸಿ, ಆಮೇಲೆ ಜಾಕ್ ಕೊಡಿ. ನೆಲ ಮಟ್ಟಸವಾಗಿರಲಿ, ಎದುರು ಬದಿಯ ಚಕ್ರಕ್ಕೆ ಕಲ್ಲು ಕೊಟ್ಟಿರಲಿ. ಗ್ಯಾಸ್ ಬೆಂಕಿ ಹಾಯಿಸಿ ನಟ್ಟು ಕಾಯಿಸುವುದು ಬೇಡ. ಟೈರು ಸಿಡಿಯಬಹುದು, ಸ್ಟಡ್ಡಿನ ಗಡಸುತನವೂ ಹೋಗುತ್ತದೆ. ನಟ್ಟು ಬಂದ ಮೇಲೆ ಥ್ರೆಡ್ಡನ್ನು ಬ್ರಷ್ಷಿನಿಂದ ಉಜ್ಜಿ, ಥಿನ್ನರ್ ಅದ್ದಿದ ಬಟ್ಟೆಯಿಂದ ಎಣ್ಣೆಯಂಶ ಪೂರ್ತಿ ಒರೆಸಿ, ಒಣಗಿಸಿಯೇ ಮತ್ತೆ ಬಿಗಿಯಿರಿ.

ಬಚ್ಚಲು ತೊಳೆಯುವ ಆಸಿಡ್ಡಿನಲ್ಲಿ ನಟ್ಟು ಅದ್ದಿದರೆ ತುಕ್ಕು ಕ್ಷಣದಲ್ಲಿ ಬಿಡುತ್ತದೆ, ನಿಜ. ಆದರೆ ಉಳಿದಿದ್ದ ಸತುವೂ ಹೋಗುತ್ತದೆ. ಅದಕ್ಕಿಂತ ಕೆಟ್ಟದ್ದು, ಆಸಿಡ್ ಉಕ್ಕಿನ ಜೊತೆ ಸೇರಿ ಹುಟ್ಟಿಸುವ ಹೈಡ್ರೋಜನ್. ಗಡಸು ಉಕ್ಕಿನ ಸ್ಟಡ್, ಬೋಲ್ಟುಗಳೊಳಗೆ ಅದು ಇಳಿದರೆ ಉಕ್ಕು ಪೆಡಸಾಗುತ್ತದೆ. ಹೊರಗೆ ಹೊಸದರಂತೆ ಕಾಣುವ ಬೋಲ್ಟು ಓಡುವಾಗ ಪಟ್ಟನೆ ಮುರಿಯಬಹುದು. ಹತ್ತಾರು ರೂಪಾಯಿಯ ಸಾಮಾನಿಗೆ ಈ ಸಾಹಸ ಬೇಡವೇ ಬೇಡ. ಮೂಲೆ ಸವೆದ ನಟ್ಟು, ಥ್ರೆಡ್ ತಿಂದುಹೋದ ಸ್ಟಡ್ ಇದ್ದರೆ ಬದಲಾಯಿಸಿ. ಒಂದು ಚಕ್ರದಲ್ಲಿ ಒಂದು ಸ್ಟಡ್ ಮುರಿದಿದ್ದರೆ ಉಳಿದವೂ ಹೆಚ್ಚು ಎಳೆತ ತಿಂದಿರುತ್ತವೆ, ಅವನ್ನೂ ಪರೀಕ್ಷಿಸಲು ಹೇಳಿ.

ರಿಮ್ಮಿನ ಕೆಲಸವನ್ನು ಬೇಸಿಗೆಯಲ್ಲಿ ಇಟ್ಟುಕೊಳ್ಳಿ. ರೋಹಿಣಿ ಮಳೆ ಬರುವುದರೊಳಗೆ ಮುಗಿದರೆ ಸಾಕು. ಒಂದೊಂದೇ ಚಕ್ರ ಬಿಚ್ಚಿ ತೊಳೆದು ಒಣಗಿಸಿ. ಎದ್ದ ಬಣ್ಣವನ್ನು ತಂತಿ ಬ್ರಷ್ಷಿನಿಂದಲೂ 120ರ ಉಪ್ಪುಕಾಗದದಿಂದಲೂ ಕೆರೆದು, 320ರಿಂದ ನಯ ಮಾಡಿ. ಥಿನ್ನರಿನಲ್ಲಿ ಒರೆಸಿ. ಟೈರಿಗೆ ಹಳೇ ಪೇಪರ್ ಕಟ್ಟಿ. ನಟ್ಟು ಕೂರುವ ತೂತುಗಳನ್ನೂ ಹಬ್‌ಗೆ ತಾಗುವ ಹಿಂಬದಿಯ ಚಪ್ಪಟೆ ಜಾಗವನ್ನೂ ಟೇಪಿನಿಂದ ಮುಚ್ಚಿ. ಇದನ್ನು ಮರೆಯುವವರೇ ಹೆಚ್ಚು. ಅಲ್ಲಿ ದಪ್ಪ ಬಣ್ಣ ಕೂತರೆ ಓಡುತ್ತಾ ಓಡುತ್ತಾ ಅದು ಚಪ್ಪಟೆಯಾಗಿ ನಟ್ಟು ಸಡಿಲವಾಗುತ್ತದೆ. ಮೊದಲು ಜಿಂಕ್ ಪ್ರೈಮರ್ ಅಥವಾ ರೆಡ್ ಆಕ್ಸೈಡ್ ಒಂದು ಕೈ, ಒಣಗಿದ ಮೇಲೆ ಸಿಲ್ವರ್ ಬಣ್ಣ ಎರಡು ತೆಳು ಕೈ. ಒಂದು ಹಗಲು ಬಿಸಿಲಿಗೆ ಬಿಡಿ.

ಟ್ಯೂಬ್‌ಲೆಸ್ ಟೈರಿನ ಗಾಳಿ ವಾರಕ್ಕೊಮ್ಮೆ ಇಳಿಯುತ್ತಿದ್ದು, ಪಂಚರ್ ಎಲ್ಲೂ ಸಿಗದಿದ್ದರೆ ರಿಮ್ಮಿನ ಅಂಚನ್ನು ಅನುಮಾನಿಸಿ. ಟೈರು ಒತ್ತಿ ಕೂರುವ ಜಾಗದಲ್ಲಿ ತುಕ್ಕು ಚಕ್ಕೆ ಎದ್ದರೆ ಅದರಡಿಯಿಂದ ಗಾಳಿ ನುಸುಳುತ್ತದೆ. ಹೊಸ ಟೈರು ಹಾಕಿಸುವ ದಿನ ಆ ಅಂಚನ್ನು ಉಜ್ಜಿಸಿ, ತೆಳ್ಳಗೆ ಪ್ರೈಮರ್ ಕೊಡಿಸಿ. ಗುಳಿ ಬಿದ್ದಿದ್ದರೆ ಅಥವಾ ನಟ್ಟಿನ ತೂತಿನ ಸುತ್ತ ಬಿರುಕು ಕಂಡರೆ ಆ ರಿಮ್ಮನ್ನು ಗುಜರಿಗೆ ಹಾಕಿ. ವಾಲ್ವಿಗೆ ಪ್ಲಾಸ್ಟಿಕ್ ಮುಚ್ಚಳವೇ ಸರಿ, ಲೋಹದ ಅಲಂಕಾರದ ಮುಚ್ಚಳ ಕಚ್ಚಿಕೊಂಡರೆ ವಾಲ್ವೇ ಕಿತ್ತು ಬರುತ್ತದೆ.

ಎರ್ಟಿಗಾ, ಇನ್ನೋವಾದಂಥ ಗಾಡಿಗಳಲ್ಲಿ ಸ್ಟೆಪ್ನಿ ಗಾಡಿಯ ಅಡಿಯಲ್ಲಿ ನೇತಾಡುತ್ತಿರುತ್ತದೆ. ಕೆಸರೆಲ್ಲ ಅದಕ್ಕೇ. ಅದನ್ನು ಇಳಿಸುವ ಕೊಂಡಿ ಮತ್ತು ಸರಪಳಿ ತುಕ್ಕು ಹಿಡಿದರೆ ದಾರಿಯಲ್ಲಿ ಸ್ಟೆಪ್ನಿ ಇದ್ದೂ ಇಲ್ಲದಂತೆ. ಆರು ತಿಂಗಳಿಗೊಮ್ಮೆ ಇಳಿಸಿ ತೊಳೆದು, ಆ ಕೊಂಡಿಗೆ ಧಾರಾಳವಾಗಿ ಗ್ರೀಸ್ ಕೊಡಿ. ಅಲ್ಲಿ ಗ್ರೀಸಿಗೆ ಯಾವ ಅಡ್ಡಿಯೂ ಇಲ್ಲ.

ಖರ್ಚು ಎಷ್ಟು, ಸಾಮಾನು ಎಲ್ಲಿ?

ತಂತಿ ಬ್ರಷ್, ಉಪ್ಪುಕಾಗದ, ರೆಡ್ ಆಕ್ಸೈಡ್, ಥಿನ್ನರ್ ಬೇಲೂರಿನ ಹಾರ್ಡ್‌ವೇರ್ ಅಂಗಡಿಗಳಲ್ಲೇ ಸಿಗುತ್ತವೆ. ಎಲ್ಲ ಸೇರಿ 300ರಿಂದ 500 ರೂಪಾಯಿಯೊಳಗೆ ಮುಗಿಯುತ್ತದೆ. ಸ್ಪ್ರೇ ಡಬ್ಬಿಯ ಬಣ್ಣ 200ರಿಂದ 400 ರೂಪಾಯಿ, ನಾಲ್ಕು ಚಕ್ರದ ಮುಂಭಾಗಕ್ಕೆ ಎರಡು ಡಬ್ಬಿ ಇಟ್ಟುಕೊಳ್ಳಿ. ನಟ್ಟು ಒಂದಕ್ಕೆ ಸುಮಾರು 30ರಿಂದ 100 ರೂಪಾಯಿ. ಹಾಸನದ ಬಿ.ಎಂ. ರಸ್ತೆಯ ಕಡೆ ಸ್ಪೇರ್ ಪಾರ್ಟ್ಸ್ ವಿಚಾರಿಸಿ. ಅಲ್ಲೂ ಸಿಗದ ಹಳೇ ಮಾದರಿಯ ಸಾಮಾನಿಗೆ ಬೆಂಗಳೂರಿನ ಜೆ.ಸಿ. ರಸ್ತೆ ಇದೆ. ಬೆಲೆ ಅಂಗಡಿಯಿಂದ ಅಂಗಡಿಗೆ, ಕಾರಿನಿಂದ ಕಾರಿಗೆ ಹೆಚ್ಚುಕಡಿಮೆಯಾಗುತ್ತದೆ. ರಿಮ್ ಪೂರ್ತಿ ಕೆಟ್ಟಿದ್ದರೆ ಪೌಡರ್ ಕೋಟಿಂಗ್ ಮಾಡಿಸಬಹುದು. ಬಣ್ಣದ ಪುಡಿಯನ್ನು ಲೋಹಕ್ಕೆ ಅಂಟಿಸಿ ಸುಮಾರು 200 ಡಿಗ್ರಿ ಬಿಸಿಯಲ್ಲಿ ಬೇಯಿಸುವ ವಿಧಾನ ಅದು, ವರ್ಷಗಟ್ಟಲೆ ಬಾಳುತ್ತದೆ. ಟೈರು ಬಿಚ್ಚಿ ಕೊಡಬೇಕು, ನಟ್ಟಿನ ತೂತಿಗೆ ಪುಡಿ ಕೂರದಂತೆ ಮುಚ್ಚಲು ಹೇಳಬೇಕು. ಎರಡು ಮೂರು ಕಾರು ಇರುವ ಮನೆಯವರು ಅಥವಾ ಬೇಲೂರು-ಹಳೇಬೀಡಿಗೆ ಪ್ರವಾಸಿಗರನ್ನು ಕರೆತರುವ ಟ್ಯಾಕ್ಸಿಯವರು ಒಂದು ಟಾರ್ಕ್ ರೆಂಚ್ ಕೊಂಡಿಟ್ಟುಕೊಳ್ಳುವುದು ಒಳ್ಳೆಯದು. ಬೇಕಾದಷ್ಟು ಬಿಗಿಯಾದ ಕೂಡಲೇ ಅದು ಟಕ್ ಎನ್ನುತ್ತದೆ. ಎರಡು ಮೂರು ಸಾವಿರಕ್ಕೆ ಸಾಧಾರಣದ್ದು ಸಿಗುತ್ತದೆ.

ಟಾರ್ಕ್ ರೆಂಚ್ ಇಲ್ಲದಿದ್ದರೆ? ಕಾರಿನ ಜೊತೆ ಬರುವ ಒಂದಡಿ ಉದ್ದದ ಸ್ಪ್ಯಾನರಿನ ತುದಿಯನ್ನು ಕೈಯಲ್ಲೇ ಗಟ್ಟಿಯಾಗಿ ಒತ್ತಿದರೆ ಹತ್ತಿರ ಬರುತ್ತದೆ. ಸ್ಪ್ಯಾನರ್ ಮೇಲೆ ಹತ್ತಿ ನಿಲ್ಲಬೇಡಿ. 60 ಕಿಲೋ ತೂಕದವರು ನಿಂತರೆ 170 ನ್ಯೂಟನ್ ಮೀಟರ್ ದಾಟುತ್ತದೆ, ಸಣ್ಣ ಕಾರಿಗೆ ಬೇಕಾಗಿರುವುದು 85ರಿಂದ 110ರ ಆಸುಪಾಸು. ಪಂಚರ್ ಅಂಗಡಿಯಲ್ಲಿ ಏರ್ ಗನ್ ಹಿಡಿದು ಬಿಗಿದರೂ ಇದೇ ಪಾಡು, ಜೊತೆಗೆ ನಟ್ಟಿನ ಮೇಲಿನ ಲೇಪವೂ ಚಕ್ಕೆ ಏಳುತ್ತದೆ. ಮೊದಲು ಕೈಯಲ್ಲಿ ತಿರುಗಿಸಿ ಕೂರಿಸಿ, ಕೊನೆಯ ಬಿಗಿಯನ್ನೂ ಕೈಯಲ್ಲೇ ಕೊಡಿ ಎಂದು ಕೇಳಿ. ಕೇಳುವುದಕ್ಕೆ ಸಂಕೋಚ ಬೇಡ. ನಾಲ್ಕು ನಟ್ಟಿದ್ದರೆ ಎದುರುಬದುರಾಗಿ, ಐದಿದ್ದರೆ ಒಂದು ಬಿಟ್ಟು ಒಂದರಂತೆ ಬಿಗಿಯಬೇಕು. ಚಕ್ರ ಬಿಚ್ಚಿ ಹಾಕಿದ ಮೇಲೆ 50ರಿಂದ 100 ಕಿಲೋಮೀಟರ್ ಓಡಿದ ಬಳಿಕ ಎಲ್ಲ ನಟ್ಟುಗಳನ್ನೂ ಮತ್ತೊಮ್ಮೆ ಬಿಗಿ ನೋಡಿ. ಬಣ್ಣ ಹೊಡೆದ ರಿಮ್ಮಿಗೆ ಇದನ್ನು ಯಾವ ಕಾರಣಕ್ಕೂ ತಪ್ಪಿಸಬೇಡಿ.